ಕ್ವಾಲಿಟಿ ಸರ್ಕಲ್ಲೋ, ಮಷಿನ್ ನಿಲ್ಸೋ ಅಧಿಕಾರಾನೋ?

ಅಣ್ಣಾರ, ಬೆಳಗಾವಿ ಉದ್ಯಮಬಾಗ್‌ದಾಗ ನಿಮ್ಮ ಶಾಪ್‌ಗೆ ಹೊಸಾ ಸಿಎನ್‌ಸಿ (ಕಂಪ್ಯೂಟರ್ ನಡಸೋ) ಮಷಿನ್ ಬರಾಕತ್ತಾವು, ಹುಡುಗರ ಕೈಗೆ ಎಷ್ಟ್ ಅಧಿಕಾರ ಕೊಡ್ಬೇಕು ಅಂತ ಕೇಳಿದ್ರಿ.

ಖರ್ಚು ನೋಡಿದ್ರ ಕ್ವಾಲಿಟಿ ಸರ್ಕಲ್‌ಗೆ (ಕೆಲಸಗಾರರ ಕೂಡಿ ಕುಂತು ಕೆಲಸದಾಗಿನ ತೊಂದ್ರಿ ಬಗೆಹರಿಸೋ ಗುಂಪು, 1962ರಾಗ ಜಪಾನ್‌ದಾಗ ಶುರು ಆಗಿದ್ದು) ವಾರಕ್ಕ ಒಂದ್ ತಾಸು ಆರೇಳ್ ಮಂದಿ ಕುಂದ್ರಬೇಕು, ಅಷ್ಟ ಪ್ರೊಡಕ್ಷನ್ ಹೋಗತೈತಿ. ಟೊಯೋಟಾದವ್ರಂಗ ಕೆಲಸಗಾರನೇ ಲೈನ್ ನಿಲ್ಸಬಹುದು ಅಂದ್ರ ಮೀಟಿಂಗ್ ಬ್ಯಾಡ, ಆದ್ರ ಶುರುವಿಗೆ ನಿಲ್ಸೋದು ಜಾಸ್ತಿ ಆಗಿ ಡಿಸ್ಪ್ಯಾಚ್ ಲೇಟ್ ಆಗಬಹುದು.

ಪರಿಣಾಮ ಯಾವ್ದರದ್ದು ಲಗೂ ಕಾಣತೈತಿ ಅಂದ್ರ ಎರಡನೇದ್ದರದ್ದ. ನಾ ಮೊದ್ಲ ಇದ್ದ ಶಾಪ್‌ದಾಗ ಒಬ್ರು ಹಳೇ ಟರ್ನರ್ (ಲೇತ್ ನಡಸೋ) ಕಾಕಾ ಇದ್ರು, ಮಷಿನ್ ಆವಾಜ್ ಬದಲಾದ ಕೂಡ್ಲೇ ಟೂಲ್ ಹೋತು ಅಂತಿದ್ರು, ಆದ್ರ ನಿಲ್ಸಾಕ ಸೂಪರ್‌ವೈಸರ್‌ನ ಕೇಳ್ಬೇಕಿತ್ತು, ಅವ್ರು ಬರೋದ್ರಾಗ ಮೂರ್ ಪೀಸ್ ರಿಜೆಕ್ಟ್, ಕಾಕಾರ ಮಾರಿ ನೋಡಾಕ ಆಗ್ತಿರ್ಲಿಲ್ಲ ನನಗ.

ಮೂರನೇ ದಾರಿ ಸಜೆಶನ್ ಬಾಕ್ಸ್, ಹುಡುಗರು ಸಲಹೆ ಬರದು ಹಾಕೋ ಡಬ್ಬಿ; ಸಸ್ತಾ, ಆದ್ರ ಉತ್ತರ ಕೊಡದಿದ್ರ ತಿಂಗಳದಾಗ ಖಾಲಿ.

ಹಳೇ ಅನುಭವಸ್ಥರು ಇದ್ರ ನಿಲ್ಸೋ ಅಧಿಕಾರ ಕೊಡ್ರಿ, ನಿಲ್ಸಿದ್ದಕ್ಕ ಬೈಬ್ಯಾಡ್ರಿ. ಹೊಸಾ ಹುಡುಗರ ಜಾಸ್ತಿ ಇದ್ರ, ಶಿಫ್ಟ್-ಲೇಔಟ್ ಎಲ್ಲಾ ಬದಲಾಗೋದಿದ್ರ, ಮಷಿನ್ ಬರೋಕಿಂತ ಮೊದ್ಲ ಸರ್ಕಲ್ ಕೂಡ್ಸ್ರಿ.