ಕಿಂಡಿಯೋ, ಪರದೆಯೋ?

ಹಳೆಯ ಕ್ಯಾನನ್ ಪವರ್‌ಶಾಟ್ ಜಿ12 (2010) ಕ್ಯಾಮೆರಾ ಕೊಳ್ಳುವ ಯೋಚನೆ ಇದೆಯಾ? ಅದರಲ್ಲಿ ಕಣ್ಣಿಟ್ಟು ನೋಡುವ ಪುಟ್ಟ ಕಿಂಡಿಯೂ ಇದೆ, ಬೇಕಾದ ಕಡೆ ತಿರುಗುವ ಪರದೆಯೂ ಇದೆ.

ತೇರಿನ ದಿನ ಮಟಮಟ ಮಧ್ಯಾಹ್ನ ಪರದೆ ನೋಡಿದರೆ ಕಾಣುವುದು ನಮ್ಮ ಮುಖವೇ. ಆಗ ಕಿಂಡಿಯೇ ಗತಿ. ಕ್ಯಾಮೆರಾ ಹಣೆಗೆ ಒತ್ತಿಕೊಂಡಿರುತ್ತದೆ, ಕೈ ಕಡಿಮೆ ನಡುಗುತ್ತದೆ. ಪರದೆ ಆರಿಸಿಟ್ಟರೆ ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ.

ಆದರೆ ಕಿಂಡಿ ತೋರಿಸುವುದು ಚಿತ್ರದ ಸುಮಾರು 77% ಮಾತ್ರ. ಅಂಚಿನಲ್ಲಿ ಯಾರದೋ ಮೊಣಕೈ ಬಂದಿರುತ್ತದೆ, ಮನೆಗೆ ಬಂದ ಮೇಲೇ ಗೊತ್ತಾಗುವುದು. ಜೂಮ್ ಮಾಡದೆ ನೋಡಿದರೆ ಲೆನ್ಸಿನ ಕೊಳವೆಯೇ ಒಂದು ಮೂಲೆಗೆ ಅಡ್ಡ ಬರುತ್ತದೆ. ಫೋಕಸ್ ಎಲ್ಲಿ ಕೂತಿದೆ ಅನ್ನುವುದೂ ಕಾಣುವುದಿಲ್ಲ.

ಹತ್ತಿರದ ವಸ್ತುಗಳಿಗಂತೂ ಕಿಂಡಿ ಬೇಡವೇ ಬೇಡ. ಅದು ಲೆನ್ಸಿನ ಮೇಲ್ಗಡೆ ಇದೆ ಅಲ್ವಾ, ಹಾಗಾಗಿ ನಡುವೆ ಇಟ್ಟ ದಾಸವಾಳ ಫೋಟೋದಲ್ಲಿ ಮೇಲಕ್ಕೆ ಸರಿದಿರುತ್ತದೆ. ಅಲ್ಲಿ ಪರದೆಯೇ ಸರಿ.

ಬಿಸಿಲಲ್ಲಿ, ಬೀದಿಯಲ್ಲಿ ಜಾಸ್ತಿ ತೆಗೆಯುವವರು ಕಿಂಡಿ ಇರುವುದನ್ನೇ ಕೊಳ್ಳಿ. ಹೂವು, ಹುಳ, ಊಟದ ತಟ್ಟೆ ಅಂದರೆ ಒಳ್ಳೆಯ ಪರದೆ ಸಾಕು. ಕನ್ನಡಕದವರು ಕಿಂಡಿಯ ಪಕ್ಕದ ಪುಟ್ಟ ಚಕ್ರ ತಿರುಗಿಸಿ ನೋಡಿ, ಮಸುಕು ಹೋಗುತ್ತದೆ.