ಸತ್ತಂತೆ ಬಿದ್ದ ಮೌಸ್: ಡ್ರೈವರ್ ರೀಲೋಡೋ, ಪವರ್ ಸೆಟ್ಟಿಂಗೋ?

ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಓಡುತ್ತದೆ, ರ್ಯಾಮ್ ಬರೀ 2 ಜಿಬಿ. ಟಚ್‌ಪ್ಯಾಡ್ ಆಗಾಗ ಕೈಕೊಡುತ್ತಿತ್ತು. ಆಮೇಲೆ ಯುಎಸ್‌ಬಿ ಮೌಸೂ ಅದೇ ದಾರಿ ಹಿಡಿಯಿತು. ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ಮೌಸ್ ಚೆನ್ನಾಗಿಯೇ ಇದೆ! ಹಾಗಾಗಿ ಒಂದೊಂದೇ ಉಪಾಯ ಮಾಡಿ ನೋಡಿದೆ.

ಎಲ್ಲರೂ ಮೊದಲು ಹೇಳುವುದು ಡ್ರೈವರ್ ರೀಲೋಡ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುವುದು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಟರ್ಮಿನಲ್‌ಗೆ ಹೋಗಿ, ಮಾಡ್‌ಪ್ರೋಬ್ ಕಮಾಂಡ್‌ನಿಂದ 'ಪಿಎಸ್‌ಮೌಸ್' ಎಂಬ ಡ್ರೈವರ್ ಮಾಡ್ಯೂಲನ್ನು ತೆಗೆದು ಮತ್ತೆ ಹಾಕಿದೆ. ಟಚ್‌ಪ್ಯಾಡ್ ತಕ್ಷಣ ಎದ್ದು ಕೂತಿತು. ಯುಎಸ್‌ಬಿ ಮೌಸ್ ಮಿಸುಕಲೇ ಇಲ್ಲ. ಯಾಕಂದರೆ ಆ ಮಾಡ್ಯೂಲ್ ಪಿಎಸ್/2 (ಯುಎಸ್‌ಬಿಗಿಂತ ಹಳೇ ಜೋಡಣೆ) ಸಾಧನಗಳದ್ದು, ಹಳೇ ಲ್ಯಾಪ್‌ಟಾಪ್‌ಗಳ ಟಚ್‌ಪ್ಯಾಡ್ ಹೆಚ್ಚಾಗಿ ಒಳಗೆ ಪಿಎಸ್/2 ಆಗಿಯೇ ಇರುತ್ತದೆ. ಯುಎಸ್‌ಬಿ ಮೌಸ್ ನೋಡಿಕೊಳ್ಳುವುದು 'ಯುಎಸ್‌ಬಿಹಿಡ್' ಎಂಬ ಇನ್ನೊಂದು ಮಾಡ್ಯೂಲ್. ಇದನ್ನೂ ರೀಲೋಡ್ ಮಾಡಬಹುದು, ಆದರೆ ನಿಮ್ಮದು ಯುಎಸ್‌ಬಿ ಕೀಬೋರ್ಡ್ ಆದರೆ ಅದೂ ಜೊತೆಗೇ ಸಾಯುತ್ತದೆ, ಆಮೇಲೆ ವಾಪಸ್ ಹಾಕುವ ಕಮಾಂಡ್ ಟೈಪ್ ಮಾಡುವುದು ಹೇಗೆ? ತೆಗೆಯುವ, ಹಾಕುವ ಕಮಾಂಡ್ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಎಂಟರ್ ಒತ್ತಿ. ನನಗೆ ಮೌಸ್ ಬಂತು, ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು.

ಆಗ ಮೌಸನ್ನು ಮಗುಚಿ ನೋಡಿದೆ. ಕೈ ಬಿಟ್ಟು ಎರಡು ಸೆಕೆಂಡ್ ಆಗುತ್ತಿದ್ದಂತೆ ಕೆಂಪು ದೀಪ ಆರಿಹೋಗುತ್ತಿತ್ತು. ಎಷ್ಟು ಎಳೆದಾಡಿದರೂ ಬಾಣ ಕದಲದು. ಬಟನ್ ಒಂದು ಸಲ ಒತ್ತಿದರೆ ದೀಪ ಹೊತ್ತಿಕೊಂಡು ಎಲ್ಲ ಸರಿ. ಅಂದರೆ ಕೆಟ್ಟಿರಲಿಲ್ಲ, ಮಲಗುತ್ತಿತ್ತು ಅಷ್ಟೇ! ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಯುಎಸ್‌ಬಿ ಆಟೋಸಸ್ಪೆಂಡ್ (ಸುಮ್ಮನಿರುವ ಸಾಧನವನ್ನು ಮಲಗಿಸುವ ವ್ಯವಸ್ಥೆ) ಕಾಯುವ ಹೊತ್ತೂ 2 ಸೆಕೆಂಡೇ. ಮೌಸ್‌ಗೆ ಸಾಮಾನ್ಯವಾಗಿ ಇದು ಆಫ್ ಇರುತ್ತದೆ, ನಾನು ಹಾಕಿಕೊಂಡಿದ್ದ ಬ್ಯಾಟರಿ ಉಳಿಸುವ ಟೂಲ್ ಆನ್ ಮಾಡಿಬಿಟ್ಟಿತ್ತು.

ಲಿನಕ್ಸ್ ಮೌಸ್‌ಗಾಗಿ ಇಡುವ 'ಪವರ್/ಕಂಟ್ರೋಲ್' ಎಂಬ ಸೆಟ್ಟಿಂಗ್ ಫೈಲಿನಲ್ಲಿ 'ಆಟೋ' ಅಂತ ಇತ್ತು, 'ಆನ್' (ಅಂದರೆ ಸದಾ ಎಚ್ಚರ) ಅಂತ ಬರೆದೆ. ಆ ಕ್ಷಣದಿಂದ ಸಮಸ್ಯೆ ಇಲ್ಲ. ಆದರೆ ಮೌಸ್ ಕಿತ್ತು ಹಾಕಿದರೆ ಅಥವಾ ರೀಬೂಟ್ ಮಾಡಿದರೆ ಅದು ಅಳಿಸಿಹೋಗುತ್ತದೆ. ಲಿನಕ್ಸನ್ನು ಶುರು ಮಾಡುವ ಗ್ರಬ್‌ನಲ್ಲಿ 'ಯುಎಸ್‌ಬಿಕೋರ್.ಆಟೋಸಸ್ಪೆಂಡ್=-1' ಹಾಕಿದರೆ ಉಳಿಯುತ್ತದೆ, ಸುಲಭ ಕೂಡ. ಆದರೆ ಯಾವ ಯುಎಸ್‌ಬಿ ಸಾಧನವೂ ಮಲಗುವುದಿಲ್ಲ, ಬ್ಯಾಟರಿ ಜಾಸ್ತಿ ಖರ್ಚು. ಹಳೇ ಬ್ಯಾಟರಿಗೆ ಅದು ಬೇಡ ಅನಿಸಿತು. ಮೌಸಿನ ಐಡಿ ಕೊಟ್ಟು ಒಂದು ಸಾಲಿನ ಯುಡೆವ್ ರೂಲ್ (ಸಾಧನ ಸಿಕ್ಕಿಸಿದಾಗಲೆಲ್ಲ ತಾನಾಗಿಯೇ ಜಾರಿಯಾಗುವ ಸೆಟ್ಟಿಂಗ್) ಬರೆದೆ, ಜೊತೆಗೆ ಆ ಟೂಲ್ ಕೂಡ ತೆಗೆದುಹಾಕಿದೆ.

ನಡುವೆ, ಮೌಸ್ ಕಳಿಸುವುದನ್ನು ಓದುವ ಲಿಬ್‌ಇನ್‌ಪುಟ್ ಡ್ರೈವರ್ ಬಿಟ್ಟು ಅದೇ ಕೆಲಸದ ಎವ್‌ಡೆವ್ ಡ್ರೈವರೂ ಹಾಕಿ ನೋಡಿದ್ದೆ. ಏನೂ ಬದಲಾಗಲಿಲ್ಲ. ಮಲಗಿದ ಮೌಸ್ ಏನನ್ನೂ ಕಳಿಸುವುದಿಲ್ಲ ಅಂದಮೇಲೆ ಓದುವ ಡ್ರೈವರ್ ಯಾವುದಾದರೇನು, ಅಲ್ವಾ?

ಟಚ್‌ಪ್ಯಾಡ್ ಮಾತ್ರ ಲ್ಯಾಪ್‌ಟಾಪ್ ಸಸ್ಪೆಂಡ್‌ನಿಂದ ಎದ್ದಾಗ ಈಗಲೂ ಮುಷ್ಕರ ಹೂಡುತ್ತದೆ. ಅದಕ್ಕೆ ಮೊದಲನೇ ಮದ್ದೇ ಸರಿ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಸಿಸ್ಟಮ್-ಸ್ಲೀಪ್ ಫೋಲ್ಡರ್‌ನಲ್ಲಿ ಸಣ್ಣ ಸ್ಕ್ರಿಪ್ಟ್ ಇಟ್ಟಿದ್ದೇನೆ, ಎದ್ದ ಕೂಡಲೇ ಪಿಎಸ್‌ಮೌಸ್ ತಾನಾಗಿಯೇ ರೀಲೋಡ್ ಆಗುತ್ತದೆ.