350 ರೂಪಾಯಿ ಲೆನ್ಸಿನಾಗ ಜೇಡದ ಬಾಯಿ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡ್ಯಾಗ ಮೊಬೈಲಿಗೆ ಸಿಗಿಸೋ ಮ್ಯಾಕ್ರೋ ಲೆನ್ಸ್ ತಗೊಂಡೆ. ಬಚ್ಚಲಮನಿ ಮೂಲ್ಯಾಗ ಜೇಡ ಕಳಚಿಟ್ಟ ಪೊರಿ ಸಿಕ್ತು, ಬಿಳಿ ಹಾಳಿ ಮ್ಯಾಲಿಟ್ಟು ನೋಡಿದೆ. ಜೇಡಕ್ಕ ನಮ್ಮಂಗ ದವಡಿ ಇಲ್ರಿ! ಬಾಯಿ ಮುಂದ ಎರಡು ಕೆಲಿಸೆರಾ, ಅಂದ್ರ ಬೇಟಿ ಹಿಡಿಯೋ ಅಂಗ, ಅದರ ತುದಿಗೆ ಮಡಚೋ ಚಾಕುವಿನಂಥ ಕೋರೆಹಲ್ಲು. ಗಟ್ಟಿ ತಿನಿಸು ನುಂಗಾಕ ಬರಂಗಿಲ್ಲ, ಅದಕ್ಕ ಬೇಟಿ ಮ್ಯಾಲ ಜೀರ್ಣರಸ ಬಿಟ್ಟು, ಕರಗಿದ್ದನ್ನ ಹೀರ್ತದ. ಆಜೂಬಾಜೂ ಪೆಡಿಪಾಲ್ಪ್, ಅಂದ್ರ ಸಣ್ಣ ಕಾಲಿನಂಥ ಜೋಡಿ ಅಂಗ. ಚೇಳಿನ ದೊಡ್ಡ ಇಕ್ಕಳನೂ ಪೆಡಿಪಾಲ್ಪೇ ಅಂತ; ನಾ ಇಷ್ಟು ದಿನ ಮುಂಗಾಲು ಅಂತಿದ್ದೆ. ಚೇಳಿನ ಕೆಲಿಸೆರಾ ಬಾಯಿ ಹತ್ರ ಇರೋ ಸಣ್ಣ ಇಕ್ಕಳ.

ಲೆನ್ಸ್ ಅಂಚು ಮಬ್ಬು, ನಡುವ ಮಸ್ತ್. ಕ್ಲಿಪ್ಪಿನ ರಬ್ಬರ್ ಎಂಟೇ ದಿನಕ್ಕ ಕಿತ್ತು. "ಇದಕ್ಕ ಗ್ಯಾರಂಟಿ ಇರಂಗಿಲ್ರೀ ಸರ್" ಅಂದ ಅಂಗಡ್ಯಾಂವ. ಈಗ ಅರಬಿ ಒಣಹಾಕೋ ಕ್ಲಿಪ್ ಹಚ್ಚೀನಿ.